ಔಷಧಿ ಅಂಗಡಿಯವರ ಫೋನಿನಲ್ಲಿ ಇರಲೇಬೇಕಾದ ಆಪ್: ಲಿವರ್‌ಪೂಲ್ ಎಚ್‌ಐವಿ ಐಚಾರ್ಟ್

ಗದಗಿನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಈ ಆಪ್ ಕೌಂಟರಿನಲ್ಲಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದೇನೆ. ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ಒಂದು ಕಡೆ ಎಚ್‌ಐವಿ ಗುಳಿಗೆ, ಇನ್ನೊಂದು ಕಡೆ ಬೇರೆ ಗುಳಿಗೆ ಆರಿಸಿದರೆ, ಎರಡೂ ಒಂದಕ್ಕೊಂದು ಹೊಂದುತ್ತವೋ ಇಲ್ಲವೋ ಅಂತ ಬಣ್ಣದಲ್ಲಿ ತೋರಿಸುತ್ತದೆ. ಕೆಂಪು ಬಂದರೆ ಎರಡನ್ನೂ ಜೊತೆಗೆ ಕೊಡಲೇಬಾರದು. ಕಿತ್ತಳೆ ಬಂದರೆ ಡೋಸ್ ಅಥವಾ ಹೊತ್ತು ಬದಲಿಸಬೇಕಾಗಬಹುದು. ಹಳದಿ ಅಂದರೆ ಸಣ್ಣ ತೊಂದರೆ, ಹಸಿರು ಇದ್ದರೆ ಚಿಂತೆ ಇಲ್ಲ.

ಸರಕಾರ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹಿಡಿತದಲ್ಲಿಡುವ ಗುಳಿಗೆ ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರಲ್ಲಿ. ಆಗ ನಲವತ್ತೈದರಲ್ಲಿ ಇದ್ದವರು ಈಗ ಅಜ್ಜ ಅಜ್ಜಿ ಆಗಿದ್ದಾರೆ. ಎಚ್‌ಐವಿ ಹಿಡಿತದಲ್ಲಿದೆ, ಆದರೆ ಬಿಪಿ, ಶುಗರ್, ಮೊಣಕಾಲು ನೋವು ಎಲ್ಲ ಸೇರಿಕೊಂಡಿವೆ. ಒಂದೊಂದಕ್ಕೆ ಒಬ್ಬೊಬ್ಬ ಡಾಕ್ಟರು. ಎಆರ್‌ಟಿ ಗುಳಿಗೆ ಮಾತ್ರ ಸರಕಾರಿ ಕೇಂದ್ರದಲ್ಲಿ ಸಿಗುತ್ತದೆ, ಊರವರ ಕಣ್ಣು ತಪ್ಪಿಸಿ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆಯವರೆಗೆ ಹೋಗಿ ತರುವವರೂ ಇದ್ದಾರೆ, ಹಾಗಾಗಿ ಉಳಿದ ಡಾಕ್ಟರುಗಳ ಚೀಟಿಯಲ್ಲಿ ಅದರ ಸುಳಿವೇ ಇರುವುದಿಲ್ಲ.

ಒಬ್ಬ ಅಜ್ಜ ಚೀಟಿ ತಂದಿದ್ದರು. ಶುಗರಿನ ಮೆಟ್‌ಫಾರ್ಮಿನ್ ಸಾವಿರ ಮಿಲಿಗ್ರಾಂದು ದಿನಕ್ಕೆ ಎರಡು, ನೋವಿನ ಡೈಕ್ಲೊಫೆನಾಕ್, ಕ್ಯಾಲ್ಸಿಯಂ. ಬೇರೆ ಗಿರಾಕಿಗಳು ಹೋಗಲಿ ಅಂತ ಕಾದು ಮೆಲ್ಲಗೆ ಕೇಳಿದೆ: "ಅಜ್ಜಾರ, ಸರಕಾರಿ ದವಾಖಾನಿದು ದಿನಾ ತಗೊಳ್ಳೋ ಗುಳಗಿ ಏನರ ಐತೇನ್ರಿ?" ಚೀಲದ ತಳದಿಂದ ಒಂದು ಬಿಳಿ ಡಬ್ಬಿ ತೆಗೆದರು. ಲೇಬಲ್ಲನ್ನು ಉಗುರಿನಿಂದ ಕೆರೆದು ಹಾಕಿದ್ದರು. "ಇದೊಂದ್ ಐತಿ ನೋಡಪಾ. ಯಾರಿಗೂ ಹೇಳಬ್ಯಾಡ."

ಉಳಿದ ಅಕ್ಷರ ನೋಡಿದರೆ ಟಿಎಲ್‌ಡಿ, ಅಂದರೆ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಎಚ್‌ಐವಿ ಗುಳಿಗೆ. ಚೀಟಿಯಲ್ಲಿದ್ದ ಮೂರು ಔಷಧಿಗೂ ಆಪ್‌ನಲ್ಲಿ ಕಿತ್ತಳೆ. ಅದರಲ್ಲಿರುವ ಡೊಲುಟೆಗ್ರಾವಿರ್ ರಕ್ತದಲ್ಲಿ ಮೆಟ್‌ಫಾರ್ಮಿನ್ ಮಟ್ಟ ಏರಿಸುತ್ತದೆ, ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಬಾರದು. ಖಾಲಿ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಜೊತೆ ನುಂಗಿದರೆ ಎಚ್‌ಐವಿ ಗುಳಿಗೆಯೇ ಮೈಗೆ ಸರಿಯಾಗಿ ಹತ್ತುವುದಿಲ್ಲ. ಎಚ್‌ಐವಿ ಗುಳಿಗೆಯನ್ನು ಕ್ಯಾಲ್ಸಿಯಂಗೆ 2 ಗಂಟೆ ಮುಂಚೆ ಅಥವಾ 6 ಗಂಟೆ ಆದ ಮೇಲೆ ತಗೊಳ್ಳಬೇಕು, ಇಲ್ಲವೇ ಎರಡನ್ನೂ ಊಟದ ಜೊತೆ ತಗೊಳ್ಳಬೇಕು. ಡೈಕ್ಲೊಫೆನಾಕ್ ಮತ್ತು ಟೆನೊಫೊವಿರ್ ಸೇರಿದರೆ ಕಿಡ್ನಿಗೆ ಹೊಡೆತ ಬೀಳಬಹುದು. ಅಜ್ಜನ ಒಪ್ಪಿಗೆ ಕೇಳಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮೆಟ್‌ಫಾರ್ಮಿನ್ ಅರ್ಧಕ್ಕೆ ಇಳಿಸಿದರು, ನೋವಿಗೆ ಪ್ಯಾರಾಸಿಟಮಾಲ್ ಹೇಳಿದರು, ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ ಟೆಸ್ಟ್ ಬರೆದರು.

ರಿಟೊನಾವಿರ್ ಅನ್ನುವ ಇನ್ನೊಂದು ಎಚ್‌ಐವಿ ಔಷಧಿ ಇರುವ ಗುಳಿಗೆ ನುಂಗುವವರಿಗೆ ಆಪ್ ಇನ್ನೂ ಮುಖ್ಯ. ಕೊಲೆಸ್ಟ್ರಾಲಿನ ಸಿಮ್ವಾಸ್ಟಾಟಿನ್ ಅವರಿಗೆ ಕೆಂಪು. ಮೊಣಕಾಲಿಗೆ ಹಾಕುವ ಸ್ಟೆರಾಯ್ಡ್ ಇಂಜೆಕ್ಷನ್ನೂ ಅಪಾಯವೇ, ಅದು ಮೈಯಲ್ಲಿ ಉಳಿದುಕೊಂಡು ಮುಖ ಊದುತ್ತದೆ, ಶುಗರ್ ಏರುತ್ತದೆ.

ಕೊರತೆಗಳೂ ಇವೆ. ಕನ್ನಡದಲ್ಲಿಲ್ಲ. ಗುಳಿಗೆ ಪಟ್ಟಿಯ ಮೇಲೆ ನೋಡಿ, ಕಂಪನಿ ಇಟ್ಟ ಹೆಸರಲ್ಲ, ಔಷಧಿಯ ಮೂಲ (ಜೆನೆರಿಕ್) ಹೆಸರೇ ಹೊಡೆಯಬೇಕು. ಅದಕ್ಕಿಂತ ದೊಡ್ಡದು, ಹಸಿರು ಅಂದ ತಕ್ಷಣ ವಯಸ್ಸಾದವರಿಗೆ ಸುರಕ್ಷಿತ ಅಂತ ತಿಳಿಯುವ ಹಾಗಿಲ್ಲ. ನಿದ್ದೆಗೆ ಕೊಡುವ ಆಲ್ಪ್ರಜೋಲಾಮ್ ಟಿಎಲ್‌ಡಿ ಜೊತೆ ಹಸಿರೇ. ಆದರೆ ಎಪ್ಪತ್ತರ ಅಜ್ಜಿ ಅದನ್ನು ನುಂಗಿ ರಾತ್ರಿ ಬಚ್ಚಲಿಗೆ ಎದ್ದು ಬಿದ್ದರೆ ಸೊಂಟ ಮುರಿಯುತ್ತದೆ, ಅಲ್ವಾ? ಎಚ್‌ಐವಿಗೆ ಸಂಬಂಧ ಇಲ್ಲದ ಎರಡು ಗುಳಿಗೆ ತಮ್ಮತಮ್ಮಲ್ಲೇ ಜಗಳ ಆಡಿದರೂ ಇದು ಹೇಳುವುದಿಲ್ಲ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತಲೂ ಇದಕ್ಕೆ ಗೊತ್ತಿಲ್ಲ. ಅದಕ್ಕೇ ಈ ಆಪ್‌ಗೆ ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಮನೆಯವರು ಇದನ್ನು ಓದುತ್ತಿದ್ದರೆ, ಯಾವ ಬಣ್ಣ ಬಂದರೂ ನೀವಾಗಿ ಎಆರ್‌ಟಿ ನಿಲ್ಲಿಸಬೇಡಿ. ಅಸಿಡಿಟಿ ಔಷಧಿ, ಚೂರ್ಣ, ಟಾನಿಕ್ ಏನನ್ನೂ ಬಿಡದೆ ಎಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಎಆರ್‌ಟಿ ಡಾಕ್ಟರ ಮೇಜಿನ ಮೇಲೆ ಸುರುವಿ.