ಮೊದಲ ಬೈಪ್ಲೇನ್ ಆಗಿ ಟೈಗರ್ ಮಾತ್: ಚಂದ ಇದೆ, ಸಲೀಸಲ್ಲ

ಆರ್‌ಸಿ ವಿಮಾನ, ಅಂದರೆ ನೆಲದಲ್ಲಿ ನಿಂತು ರಿಮೋಟಿನಿಂದ ಆಡಿಸುವ ಮಾಡೆಲ್ ವಿಮಾನ ಹಾರಿಸುವವರಿಗೆ ಜೋಡಿ ರೆಕ್ಕೆಯ ಬೈಪ್ಲೇನ್ ಹುಚ್ಚು ಒಂದಲ್ಲ ಒಂದು ದಿನ ಹತ್ತೇ ಹತ್ತುತ್ತದೆ. ನನಗೂ ಹತ್ತಿತ್ತು. ತರಿಸಿದ್ದು ಟೈಗರ್ ಮಾತ್, ಫೋಮ್ ಮಾಡೆಲ್, ರೆಕ್ಕೆ ತುದಿಯಿಂದ ತುದಿಗೆ ಒಂದೂಕಾಲು ಮೀಟರ್ ಚಿಲ್ಲರೆ. ನಿಜವಾದದ್ದು 8.94 ಮೀಟರ್, ಅಂದರೆ ಇದು ಹೆಚ್ಚುಕಡಿಮೆ ಏಳರಲ್ಲೊಂದು ಪಾಲು. ಕಂಪನಿ ಹೆಸರು ಬರೆಯಲ್ಲ. ಒಂದೆರಡು ದೂರು ಹೇಳುವುದಿದೆ, ಅವು ನನ್ನ ಡಬ್ಬದ್ದೇ ಹಣೆಬರಹ ಇದ್ದರೂ ಇರಬಹುದು.

ಮೊದಲೇ ಹೇಳಿಬಿಡುತ್ತೇನೆ: ಇದು ಮೊದಲ ಬೈಪ್ಲೇನ್ ಆಗಬಹುದು, ಮೊದಲ ವಿಮಾನ ಆಗಬಾರದು. ಅಂಗಡಿಯವರು 'ನಿಧಾನಕ್ಕೆ ಹಾರುತ್ತೆ ಸಾರ್, ಬಿಗಿನರ್‌ಗೆ ಬೆಸ್ಟ್' ಅನ್ನುತ್ತಾರೆ. ನಿಧಾನಕ್ಕೆ ಹಾರುವುದು ನಿಜ. ಆದರೆ ಮೈಯ ಮೇಲ್ಗಡೆ ರೆಕ್ಕೆ ಇರುವ, ಕಲಿಯುವವರ ಟ್ರೇನರ್ ವಿಮಾನ ಒಂದರಲ್ಲಿ ಕೈ ಪಳಗದೆ ಇದನ್ನು ಮುಟ್ಟಿದರೆ ದುಡ್ಡು ಮಣ್ಣುಪಾಲು. ಟ್ರೇನರ್ ಕೈಬಿಟ್ಟರೆ ತಾನೇ ನೆಟ್ಟಗಾಗುತ್ತದೆ, ಥ್ರಾಟಲ್ (ಮೋಟಾರಿಗೆ ಕೊಡುವ ಶಕ್ತಿ) ಇಳಿಸಿದರೆ ತೇಲುತ್ತಾ ಬರುತ್ತದೆ. ಬೈಪ್ಲೇನ್ ಹಾಗಲ್ಲ. ಎರಡು ರೆಕ್ಕೆ, ನಡುವೆ ಕಂಬಗಳು, ತಂತಿಗಳು, ಎಲ್ಲವೂ ಗಾಳಿಗೆ ಅಡ್ಡ. ಥ್ರಾಟಲ್ ಪೂರ್ತಿ ಇಳಿಸಿದಿರೋ, ವೇಗ ತಟ್ಟನೆ ಸತ್ತುಹೋಗುತ್ತದೆ, ಆಮೇಲೆ ಇಳಿಯುವುದಲ್ಲ, ಬೀಳುವುದು.

ಹಾಗಾದರೆ ಯಾವ ಬೈಪ್ಲೇನ್? ಕಣ್ಣಿಗೆ ಮೊದಲು ಹೊಡೆಯುವುದು ಪಿಟ್ಸ್. ಬಣ್ಣ ಬೇರೆ ಜೋರು. ಅದು ಕಸರತ್ತಿನ ವಿಮಾನ, ಗಿಡ್ಡ ಮೈ, ಇಳಿಯುವಾಗ ವೇಗ ಜಾಸ್ತಿ, ಸದ್ಯಕ್ಕೆ ಬೇಡ. ಮೊದಲ ಮಹಾಯುದ್ಧದ ಸಾಪ್‌ವಿತ್ ಕ್ಯಾಮಲ್ ಥರದವು ನೋಡಲು ಮುದ್ದಾಗಿವೆ, ಆದರೆ ಮೂತಿ ಮೋಟು. ಅಸಲಿಯಲ್ಲಿ ಅಲ್ಲಿ ಭಾರದ ಎಂಜಿನ್ ಕೂತಿತ್ತು, ನಮ್ಮ ಮಾಡೆಲ್‌ನಲ್ಲಿ ಅಂಗೈಯಷ್ಟು ಮೋಟಾರು. ಹಾಗಾಗಿ ಮೂತಿಗೆ ಸೀಸ ತುಂಬಿ ತುಂಬಿ ವಿಮಾನವೇ ಭಾರವಾಗುತ್ತದೆ. ಉಳಿಯುವುದು ಸ್ಟಿಯರ್‌ಮನ್ ಮತ್ತು ಟೈಗರ್ ಮಾತ್. ಎರಡೂ ಪೈಲಟ್‌ಗಳಿಗೆ ಕಲಿಸಲೆಂದೇ ಮಾಡಿದ ವಿಮಾನಗಳು.

ನನ್ನ ಮನಸ್ಸು ಟೈಗರ್ ಮಾತ್ ಕಡೆ ವಾಲಿದ್ದಕ್ಕೆ ಬೇರೆ ಕಾರಣವೂ ಇದೆ. ಬ್ರಿಟನ್ನಿನ ಡಿ ಹ್ಯಾವಿಲ್ಯಾಂಡ್ ಕಂಪನಿಯ ಈ ವಿಮಾನ ಮೊದಲು ಹಾರಿದ್ದು 1931ರಲ್ಲಿ. ನಮ್ಮ ವಾಯುಪಡೆಯ ಹಳೇ ತಲೆಮಾರು ಹಾರಲು ಕಲಿತದ್ದು ಇದರಲ್ಲೇ. ಆಮೇಲೆ ಇದರ ಜಾಗಕ್ಕೆ ಬಂದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ವಿನ್ಯಾಸ ಮಾಡಿದ ಎಚ್‌ಟಿ-2, 1951ರಲ್ಲಿ ಮೊದಲು ಹಾರಿದ್ದು. (ಯಾರಾದರೂ ಎಚ್‌ಟಿ-2ರ ಫೋಮ್ ಮಾಡೆಲ್ ಮಾಡಿದರೆ ಮೊದಲ ಗಿರಾಕಿ ನಾನೇ.)

ಡಬ್ಬ ಬಿಚ್ಚಿದಾಗ ಖುಷಿಯಾಯಿತು. ಫೋಮ್ ಗಟ್ಟಿ, ಬಣ್ಣ ಸಮ. ಮೇಲಿನ ರೆಕ್ಕೆ ಹಿಂದಕ್ಕೆ ಬಾಗಿದ್ದನ್ನೂ ಸರಿಯಾಗಿ ತೋರಿಸಿದ್ದಾರೆ. ಅಸಲಿಯಲ್ಲಿ ಅದು ಸುಮ್ನೆ ಅಂದಕ್ಕೆ ಮಾಡಿದ್ದಲ್ಲ. ಮುಂದಿನ ಸೀಟಿನವನು ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಬರಬೇಕಲ್ಲ, ಅದಕ್ಕೆ ಮೇಲಿನ ರೆಕ್ಕೆಯನ್ನು ಮುಂದಕ್ಕೆ ತಳ್ಳಿದರು, ತೂಕ ಸರಿದೂಗಲಿ ಅಂತ ತುದಿಗಳನ್ನು ಹಿಂದಕ್ಕೆ ಬಾಗಿಸಿದರು. ರೆಕ್ಕೆಗಳ ನಡುವಿನ ತಂತಿ ಮಾತ್ರ ಇಲ್ಲಿ ಎಲಾಸ್ಟಿಕ್ ದಾರ, ತೋರಿಕೆಗೆ ಅಷ್ಟೆ. ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನಾನು ಅರ್ಧ ಬಿಚ್ಚಿಟ್ಟಿದ್ದೇನೆ.

ಈಗ ದೂರುಗಳು. ಮೇಲಿನ ರೆಕ್ಕೆ ಹಿಡಿದಿರುವ ಕಂಬಗಳ ಸ್ಕ್ರೂ ಸಣ್ಣವು, ಕೂರುವ ಜಾಗ ಮೆತ್ತನೆ ಪ್ಲಾಸ್ಟಿಕ್. ಒಂದು ಸುತ್ತು ಜಾಸ್ತಿ ತಿರುಗಿಸಿದರೂ ಥ್ರೆಡ್ ಸವೆದು ಸುಮ್ಮನೆ ತಿರುಗುತ್ತದೆ. ಕಾರಿನ ಡಿಕ್ಕಿಯಲ್ಲಿ ಹಿಡಿಯಬೇಕಾದರೆ ರೆಕ್ಕೆ ಬಿಚ್ಚಲೇಬೇಕು, ಅಂದರೆ ಪ್ರತಿ ಸಲ ಹೊಲದ ಬದುವಿನಲ್ಲಿ ಕೂತು ಸ್ಕ್ರೂ ಹಾಕುವ ಕೆಲಸ. ಒಂದು ಹುಲ್ಲಿಗೆ ಬಿದ್ದರೆ ಮುಗೀತು, ಹುಡುಕುತ್ತಿರಿ. ಏಲೆರಾನ್ (ವಿಮಾನ ವಾಲಿಸಲು ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಪಟ್ಟಿ) ಆಡಿಸುವ ಪುಟ್ಟ ಮೋಟಾರು, ಅಂದರೆ ಸರ್ವೋ, ಒಂದು ಮೊದಲ ದಿನದಿಂದಲೇ ನಡುಗುತ್ತಿತ್ತು, ಬದಲಾಯಿಸಿದೆ. ಮಾರಿದವರಿಗೆ ಫೋಟೋ ವಿಡಿಯೋ ಎಲ್ಲಾ ಕಳಿಸಿದೆ, 'ನೋಡ್ತೀವಿ ಸಾರ್' ಅಂದವರು ಇನ್ನೂ ನೋಡುತ್ತಲೇ ಇದ್ದಾರೆ.

ಮ್ಯಾನುಯಲ್‌ನಲ್ಲಿ ಸಿಜಿ ಗುರುತು ಒಂದು ಚಿತ್ರದಲ್ಲಿ ಇದೆ. ಸಿಜಿ ಅಂದರೆ ವಿಮಾನ ಎಲ್ಲಿ ಹಿಡಿದು ಎತ್ತಿದರೆ ಸಮತೂಕದಲ್ಲಿ ನಿಲ್ಲುತ್ತದೋ ಆ ಜಾಗ. ಒಂಟಿ ರೆಕ್ಕೆಯ ವಿಮಾನದಲ್ಲಿ ಎರಡು ಬೆರಳಿಟ್ಟು ಎತ್ತಿ ನೋಡಿದರೆ ಆಯಿತು. ಇಲ್ಲಿ ಎರಡು ರೆಕ್ಕೆ ಒಂದರ ಹಿಂದೊಂದು ಇರುವುದರಿಂದ ಯಾವ ರೆಕ್ಕೆಯಿಂದ ಅಳೆಯಬೇಕು ಅಂತ ಮೊದಲು ನೋಡಿಕೊಳ್ಳಿ. ಆಮೇಲೆ ನಡುಕಂಬಗಳಿಗೆ ದಾರ ಕಟ್ಟಿ ತೂಗುಹಾಕಿ ನೋಡುವುದು ವಾಸಿ. ಬ್ಯಾಟರಿ ಮುಂದಕ್ಕೆ ಎಷ್ಟು ತಳ್ಳಿದರೂ ನನ್ನದು ಬಾಲದ ಕಡೆ ಜಗ್ಗುತ್ತಿತ್ತು. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಎರಡು ತಂದು ಮೋಟಾರ್ ಹಿಂದೆ ಅಂಟಿಸಿದೆ, ಸರಿಹೋಯಿತು. ಮೂತಿ ಒಂಚೂರು ಭಾರವಾಗಿದ್ದರೆ ಹಾರಾಟ ಮಂದ ಆಗಬಹುದು, ಬಾಲ ಭಾರವಾದರೆ ವಿಮಾನ ವಾಪಸ್ ಬರುವುದೇ ಅನುಮಾನ.

ಇನ್ನು ಹಾರಿಸುವ ವಿಷಯ. ಟೈಗರ್ ಮಾತ್‌ಗೆ ಏಲೆರಾನ್ ಇರುವುದು ಕೆಳಗಿನ ರೆಕ್ಕೆಯಲ್ಲಿ ಮಾತ್ರ. ಬಲಕ್ಕೆ ವಾಲಿಸಲು ರಿಮೋಟಿನ ಕಡ್ಡಿ ತಳ್ಳಿದಿರಿ ಅಂದುಕೊಳ್ಳಿ. ಎಡಗಡೆ ಏಲೆರಾನ್ ಕೆಳಗಿಳಿಯುತ್ತದೆ, ಆ ರೆಕ್ಕೆ ಮೇಲೇಳುತ್ತದೆ, ಜೊತೆಗೇ ಅದಕ್ಕೆ ಗಾಳಿಯ ತಡೆಯೂ ಹೆಚ್ಚುತ್ತದೆ. ಹಾಗಾಗಿ ಮೈ ಬಲಕ್ಕೆ ವಾಲಿದರೂ ಮೂತಿ ಎಡಕ್ಕೆ ಎಳೆಯುತ್ತದೆ. ನೆಲದಿಂದ ನೋಡುವವನಿಗೆ ವಿಮಾನ ಅಡ್ಡಡ್ಡ ಜಾರಿದ ಹಾಗೆ ಕಾಣುತ್ತದೆ. ಮದ್ದು ಒಂದೇ, ರಡ್ಡರ್, ಅಂದರೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ. ವಾಲಿಸುವಾಗ ರಡ್ಡರ್ ಕಡ್ಡಿ ಮೇಲಿರುವ ಎಡಗೈ ಹೆಬ್ಬೆರಳೂ ಅದೇ ಕಡೆ ಸ್ವಲ್ಪ ಹೋಗಬೇಕು. ಟ್ರೇನರ್‌ನಲ್ಲಿ ರಡ್ಡರ್ ಮುಟ್ಟದೆ ವರ್ಷಗಟ್ಟಲೆ ಹಾರಿಸುವವರಿದ್ದಾರೆ, ಇಲ್ಲಿ ಆ ಆಟ ನಡೆಯಲ್ಲ.

ಇದಕ್ಕೊಂದು ಸಣ್ಣ ಉಪಾಯ ಇದೆ, ಖರ್ಚಿಲ್ಲದ್ದು. ಏಲೆರಾನ್ ಮೇಲೆ ಹೋಗುವಾಗ ಜಾಸ್ತಿ, ಕೆಳಗೆ ಬರುವಾಗ ಕಡಿಮೆ ಆಡುವಂತೆ ಸರ್ವೋ ಕೈಯನ್ನು ನೆಟ್ಟಗೆ ಹಾಕದೆ ಒಂದು ಹಲ್ಲು ಓರೆಯಾಗಿ ಕೂರಿಸಿ. ಯಾವ ಕಡೆಗೆ ಓರೆ ಅಂತ ಕಡ್ಡಿ ಆಡಿಸಿ ನೋಡಿದರೆ ಗೊತ್ತಾಗುತ್ತದೆ. ಅಸಲಿ ಟೈಗರ್ ಮಾತ್‌ನಲ್ಲೂ ಕೆಳಗಿಳಿಯುವ ಏಲೆರಾನ್ ಅಲ್ಲಾಡುವುದು ತೀರಾ ಕಡಿಮೆ. ನನ್ನ ಹತ್ತಿರ ಇರುವ ರಿಮೋಟ್ ಫ್ಲೈಸ್ಕೈ ಎಫ್‌ಎಸ್-ಐ6, ಆರು ಚಾನಲ್‌ನ ಬಡವರ ಬಂಧು. ಅದರ ಮಿಕ್ಸ್ ಸೆಟ್ಟಿಂಗ್‌ನಲ್ಲಿ ಏಲೆರಾನ್ ಜೊತೆ ರಡ್ಡರ್ ತಾನಾಗೇ ಸ್ವಲ್ಪ ಆಡುವಂತೆಯೂ ಮಾಡಬಹುದು, ಆದರೆ ಬೆರಳಿಗೆ ರೂಢಿಯಾಗುವುದೇ ಒಳ್ಳೇದು ಅನ್ನುವುದು ನನ್ನ ಮಾತು.

ನೆಲದಿಂದ ಏಳುವಾಗ ಥ್ರಾಟಲ್ ಒಮ್ಮೆಗೇ ಕೊಡಬೇಡಿ. ಹಾಗೆ ಕೊಟ್ಟರೆ ಮಾಡೆಲ್ ಎಡಕ್ಕೆ ತಿರುಗುತ್ತದೆ, ಬಲ ರಡ್ಡರ್ ಹಿಡಿದಿರಬೇಕು. ತಮಾಷೆ ಅಂದರೆ ಅಸಲಿ ವಿಮಾನ ಎಳೆಯುವುದು ಬಲಕ್ಕೆ, ಯಾಕೆಂದರೆ ಅದರ ಜಿಪ್ಸಿ ಮೇಜರ್ ಎಂಜಿನ್ ನಮ್ಮ ಮೋಟಾರಿಗೆ ಉಲ್ಟಾ ತಿರುಗುತ್ತದೆ. ಮೆಲ್ಲಗೆ ವೇಗ ಏರಿಸಿ, ಎಲಿವೇಟರ್ (ಮೂತಿ ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ) ಕಡ್ಡಿಯನ್ನು ಸ್ವಲ್ಪ ಎಳೆದೇ ಇರಿ, ಇಲ್ಲದಿದ್ದರೆ ಚಕ್ರ ಹುಲ್ಲಿಗೆ ಸಿಕ್ಕಿ ಮೂತಿ ನೆಲ ಉಳುತ್ತದೆ. ಬಾಲ ಎದ್ದ ಮೇಲೆ ಎಳೆತ ಸಡಿಲಿಸಿ. ಇಳಿಸುವಾಗ ಚಕ್ರ ನೆಲ ಮುಟ್ಟುವವರೆಗೂ ಥ್ರಾಟಲ್ ಸ್ವಲ್ಪ ಉಳಿಸಿಕೊಳ್ಳಿ. ಇದೊಂದು ಕಲಿತರೆ ಅರ್ಧ ಬೈಪ್ಲೇನ್ ಕಲಿತ ಹಾಗೆ.

ಮೇಲೆ ಹೋದ ಮೇಲೆ ಮಾತ್ರ, ಅಬ್ಬಾ. ಅರ್ಧ ಥ್ರಾಟಲ್‌ನಲ್ಲಿ ತಲೆಮೇಲೆ ಹಾದುಹೋಗುವಾಗ ಎರಡು ರೆಕ್ಕೆಯ ನಡುವಿನಿಂದ ಆಕಾಶ ಕಾಣುತ್ತದೆ, ಕಂಬಗಳು ಒಂದೊಂದಾಗಿ ಎಣಿಸುವಷ್ಟು ನಿಧಾನ. ದೊಡ್ಡ ಲೂಪ್ ಹೊಡೆಸಬಹುದು, ಆದರೆ ಮೊದಲು ಸ್ವಲ್ಪ ಕೆಳಕ್ಕೆ ಬಿಟ್ಟು ವೇಗ ಹಿಡಿಸಿ. 3 ಸೆಲ್, 2200 ಎಂಎಎಚ್ ಲಿಪೋ ಬ್ಯಾಟರಿಯಲ್ಲಿ ಆರೇಳು ನಿಮಿಷ ಆರಾಮ. ಟೈಮರ್ ಇಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಬ್ಯಾಟರಿಯನ್ನು ಸೆಲ್‌ಗೆ 3.8 ವೋಲ್ಟ್‌ಗೆ ತಂದು ಎತ್ತಿಡಿ, ಫುಲ್ ಚಾರ್ಜಿನಲ್ಲಿ ವಾರಗಟ್ಟಲೆ ಬಿಟ್ಟರೆ ಊದಿಕೊಳ್ಳುತ್ತದೆ.

ಗಾಳಿ ಇದರ ಶತ್ರು. ನಾವು ಹಾರಿಸುವುದು ಶಿರಾ ಕಡೆ, ರಾಗಿ ಕೊಯ್ಲಾದ ಹೊಲದಲ್ಲಿ, ಬೇಸಿಗೆಯಲ್ಲಾದರೆ ಬತ್ತಿದ ಕೆರೆ ಅಂಗಳದಲ್ಲಿ. ರಾಗಿ ಕೂಳೆಗೆ ಈ ಸಣ್ಣ ಚಕ್ರ ಆಗಿಬರಲ್ಲ, ಕೆರೆ ಅಂಗಳವೇ ವಾಸಿ. ಬೆಳಗ್ಗೆ ಎಂಟರೊಳಗೆ ಮುಗಿಸಬೇಕು. ಬಿಸಿಲೇರಿದ ಮೇಲೆ ಗಾಳಿಯೂ ಏಳುತ್ತದೆ, ಹದ್ದುಗಳೂ ಏಳುತ್ತವೆ. ಅವಕ್ಕೆ ನಿಧಾನಕ್ಕೆ ಹಾರುವ ಈ ವಿಮಾನದ ಮೇಲೆ ಅದೇನು ಆಸಕ್ತಿಯೋ, ಪಕ್ಕದಲ್ಲೇ ಸುತ್ತುತ್ತವೆ. ಆಗ ಜಾಗ ಬಿಟ್ಟುಕೊಡುವುದು ನಾವೇ.

ಬೆಂಗಳೂರಿನವರು ಹೊರಡುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆ ನೋಡಿ, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರಿ ನಕ್ಷೆ ಅದು. 2021ರ ಡ್ರೋನ್ ನಿಯಮ ಪೈಲಟ್ ಒಳಗಿಲ್ಲದ ವಿಮಾನಕ್ಕೆಲ್ಲ ಅನ್ವಯ, ನಮ್ಮ ಮಾಡೆಲ್ಲೂ ಅದರಲ್ಲೇ ಬರುತ್ತದೆ. ನಕ್ಷೆಯ ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಬಹುದು, ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಅಂತರದಲ್ಲಾದರೆ 200 ಅಡಿವರೆಗೆ. ಜಕ್ಕೂರು, ಯಲಹಂಕ, ಎಚ್‌ಎಎಲ್, ದೇವನಹಳ್ಳಿ, ಇಷ್ಟನ್ನೂ ಕಳೆದರೆ ಊರಲ್ಲಿ ಉಳಿಯುವುದೆಷ್ಟು ಅಂತ ನೀವೇ ನೋಡಿ.

ದುಡ್ಡಿನ ಲೆಕ್ಕ: ವಿಮಾನ, ಎರಡು ಬ್ಯಾಟರಿ, ಚಾರ್ಜರ್, ರಿಸೀವರ್, ಅಂಟು ಎಲ್ಲಾ ಸೇರಿ ನನಗೆ 30 ಸಾವಿರದ ಹತ್ತಿರ ಆಯಿತು. ಅಗ್ಗ ಅಲ್ಲ. ಆದರೂ ಕೈ ಪಳಗಿದವರಿಗೆ ತಗೊಳ್ಳಿ ಅಂತಲೇ ಹೇಳುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಕಮ್ಮಿ ಮಾಡಿದ ಒಂದು ಸ್ಟಾರ್ ಆ ಸ್ಕ್ರೂಗಳ ಲೆಕ್ಕಕ್ಕೆ. ಆರ್ಡರ್ ಮಾಡುವಾಗಲೇ ಪ್ರೊಪೆಲ್ಲರ್ ಎರಡು ಮೂರು ಜಾಸ್ತಿ ಹಾಕಿಸಿಕೊಳ್ಳಿ, ಚಕ್ರದ ತಂತಿ ಒಂದು ಜೊತೆ ಇರಲಿ. ಆಮೇಲೆ ಬೇಕೆಂದಾಗ ಸ್ಟಾಕ್ ಇರಲ್ಲ.