ಸಂಬಳ ಜಾಸ್ತಿ ಇರುವ ಕೆಲಸವೋ, ಮನಸ್ಸಿಗೆ ಹಿಡಿಸಿದ ಕೆಲಸವೋ?

ಕೈಯಲ್ಲಿ ಎರಡು ಆಫರ್ ಇವೆ. ಒಂದರಲ್ಲಿ ಸಂಬಳ ಜಾಸ್ತಿ, ಕೆಲಸ ಸಪ್ಪೆ. ಇನ್ನೊಂದರಲ್ಲಿ ದುಡ್ಡು ಕಡಿಮೆ, ಕೆಲಸ ಇಷ್ಟ. ಯಾವುದಕ್ಕೆ ಹೂಂ ಅನ್ನಬೇಕು?

ಮೊದಲು ದುಡ್ಡಿನ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1950ರ ದಶಕದಲ್ಲಿ ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಎಂಜಿನಿಯರ್, ಅಕೌಂಟೆಂಟ್‌ಗಳ ಸಂದರ್ಶನದ ಮೇಲೆ ಒಂದು ಅಧ್ಯಯನ ನಡೆಸಿದರು. ಕೆಲಸದಲ್ಲಿ ಖುಷಿಯಾಗಿದ್ದು ಯಾವಾಗ, ಬೇಜಾರಾಗಿದ್ದು ಯಾವಾಗ ಅನ್ನೋದೇ ಪ್ರಶ್ನೆ. ಬೇಜಾರಿನ ಕಥೆಗಳಲ್ಲಿ ಕಂಪನಿಯ ನಿಯಮ, ಮೇಲಧಿಕಾರಿ, ಸಂಬಳ ಬಂದವು. ಖುಷಿಯ ಕಥೆಗಳಲ್ಲಿ ಮುಂದೆ ನಿಂತಿದ್ದು ಸಾಧನೆ, ಮೆಚ್ಚುಗೆ, ಮಾಡುವ ಕೆಲಸ. ಅಂದರೆ ಸಂಬಳ ಸಾಲದಿದ್ದರೆ ಗೊಣಗಾಟ ಗ್ಯಾರಂಟಿ. ಸಾಕಷ್ಟಿದ್ದರೆ ಗೊಣಗಾಟ ನಿಲ್ಲುತ್ತದೆ, ಆದರೆ ಹುರುಪು ಬಂದೇ ಬರುತ್ತದೆ ಅಂತೇನಿಲ್ಲ. ಇದನ್ನು ಒಪ್ಪದವರೂ ಇದ್ದಾರೆ: ಗೆದ್ದರೆ ನನ್ನಿಂದ, ಸೋತರೆ ಬಾಸಿನಿಂದ ಅಂತ ಕಥೆ ಹೇಳೋದು ಮನುಷ್ಯ ಸ್ವಭಾವ ಅಲ್ವಾ ಅನ್ನೋದು ಅವರ ವಾದ.

ಇಷ್ಟದ ಕೆಲಸಕ್ಕೂ ಒಂದು ಅಪಾಯವಿದೆ. 1971ರಲ್ಲಿ ಪ್ರಕಟವಾದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಡೆಸಿಯವರ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ತುಂಡು ಜೋಡಿಸುವ ಸೋಮಾ ಒಗಟು ಬಿಡಿಸಿದರು. ಕೆಲವರಿಗೆ ಒಗಟಿಗೆ ಒಂದು ಡಾಲರ್ ಕೊಟ್ಟು, ಆಮೇಲೆ ನಿಲ್ಲಿಸಿದರು. ಅವರು ಬಿಡುವಿನಲ್ಲಿ ಸುಮ್ನೆ ಖುಷಿಗೆ ಆಡುವುದು ಕಡಿಮೆಯಾಯಿತು. ಫೋಟೋ ತೆಗೆಯುವ ಹುಚ್ಚು ಮದುವೆ ಆರ್ಡರ್ ಆದಮೇಲೆ ಹೀಗೇ ಆರಬಹುದು.

ನನ್ನ ಪ್ರಕಾರ, ಬಾಡಿಗೆ, ಇಎಂಐ, ಅಪ್ಪ ಅಮ್ಮನ ಔಷಧಿ ಮೊದಲು ಲೆಕ್ಕ ಹಾಕಿ. ಕಡಿಮೆ ಸಂಬಳದಲ್ಲಿ ಅದು ಸರಿಹೋಗದಿದ್ದರೆ ಮೊದಲನೆಯದನ್ನೇ ಹಿಡಿಯಿರಿ, ನಾಚಿಕೆ ಬೇಡ. ಸರಿಹೋದರೆ ಎರಡನೆಯದು. ಆದರೆ ಸೇರುವ ಮುಂಚೆ ಕಂಪನಿಯವರನ್ನು ಒಂದು ಮಾತು ಕೇಳಿ: ಕೆಲಸ ಹೇಗೆ ಮಾಡಬೇಕು ಅಂತ ತೀರ್ಮಾನಿಸೋರು ಯಾರು? ಅದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಇಷ್ಟದ ಕೆಲಸವೂ ಸಪ್ಪೆಯಾಗಬಹುದು.