ರಾತ್ರಿ ಫೋಟೋ ನೋಡಿ ಲಾನ್ ಬುಕ್ ಮಾಡುವ ಮುಂಚೆ ಇದನ್ನು ಓದಿ

ತಂಗಿಯ ನಿಶ್ಚಿತಾರ್ಥ ಮುಗಿದು ಹನ್ನೊಂದು ದಿನ ಆಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಕನಕಪುರ ರಸ್ತೆ ಕಡೆ ಸಂಜೆ ಫಂಕ್ಷನ್‌ಗೆ ಲಾನ್ ಹುಡುಕುತ್ತಿರುವವರು ದಯವಿಟ್ಟು ಓದಿ. ಬೇರೆ ಕಡೆ ಹುಡುಕುತ್ತಿರುವವರೂ ಓದಿ. ಎಲ್ಲರೂ ಹೀಗೇ ಮಾಡುತ್ತಾರೆ ಅಂತ ನಾವು ಬುಕ್ ಮಾಡಿದ ಲಾನ್‌ನ ಮ್ಯಾನೇಜರೇ ನನಗೆ ಹೇಳಿದ್ದಾನೆ.

ನಾವು ಬುಕ್ ಮಾಡಿದ್ದು ಒಂದು ಫೋಟೋ ನೋಡಿ. ಒಂದೇ ಒಂದು ಫೋಟೋ. ಕಡುನೀಲಿ ಆಕಾಶ, ಅದರಲ್ಲಿ ನಕ್ಷತ್ರ, ಮಾವಿನ ಮರಗಳ ತುಂಬ ಸೀರಿಯಲ್ ಸೆಟ್, ಕಮಾನಿನ ಮೇಲೆ ಹಳದಿ ಬಲ್ಬುಗಳ ಸಾಲು, ವೇದಿಕೆ ಹಿಂದೆ ತುಂಬು ಚಂದ್ರ. ಅಮ್ಮ ನೋಡಿದವಳೇ "ಇಲ್ಲೇ ಮಾಡೋಣ" ಅಂದಳು.

ಬಾಡಿಗೆ 85 ಸಾವಿರ, ಅಡ್ವಾನ್ಸ್ 40 ಸಾವಿರ. "ಲೈಟಿಂಗ್ ಸೇರಿ ತಾನೇ?" ಅಂತ ಅಪ್ಪ ಕೇಳಿದರು. "ಫೋಟೋದಲ್ಲಿರೋ ಹಾಗೇ ಇರುತ್ತೆ ಸಾರ್" ಅಂದ ಮ್ಯಾನೇಜರ್. ಜಾಗ ನೋಡಲು ಹೋಗಿದ್ದು ಬೆಳಿಗ್ಗೆ ಹನ್ನೊಂದಕ್ಕೆ. ಸಂಜೆ ಒಂದು ಸಲ ಬರುತ್ತೇವೆ ಅಂದಿದ್ದಕ್ಕೆ "ಸಂಜೆ ಬೇರೆಯವರ ಫಂಕ್ಷನ್ ಇರುತ್ತೆ ಮೇಡಂ, ಒಳಗೆ ಬಿಡೋಕಾಗಲ್ಲ" ಅಂದ. ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಆವತ್ತು ಆರೂವರೆ ದಾಟಿತು, ಕತ್ತಲಾಯಿತು. ಮರಗಳಲ್ಲಿ ಒಂದು ಬಲ್ಬೂ ಇಲ್ಲ. ಕಮಾನಿಗೆ ವೈರೇ ಎಳೆದಿಲ್ಲ. ಗೇಟಿನ ಹತ್ತಿರ ಒಂದು ಟ್ಯೂಬ್‌ಲೈಟ್, ಅಡುಗೆ ಶೆಡ್‌ಗೆ ಒಂದು, ವೇದಿಕೆಗೆ ಎರಡು ಫೋಕಸ್ ಲೈಟ್. ಅಷ್ಟೇ. ಬೀಗರು ಮಂಡ್ಯದಿಂದ ಎರಡು ಟೆಂಪೋ ಟ್ರಾವೆಲರ್‌ನಲ್ಲಿ ಬಂದು ಇಳಿದಾಗ ನಮ್ಮ ಸೋದರಮಾವಂದಿರು ಕಾರಿನ ಹೆಡ್‌ಲೈಟ್ ಹಾಕಿ ದಾರಿ ತೋರಿಸಿದರು. ಹುಡುಗನ ಅಜ್ಜಿ ಕಲ್ಲು ಎಡವಿ ನನ್ನ ಕೈ ಹಿಡಿದುಕೊಂಡು "ಕರೆಂಟ್ ಹೋಯ್ತೇನವ್ವ?" ಅಂದರು. "ಹೂಂ ಅಜ್ಜಿ" ಅಂದುಬಿಟ್ಟೆ. ಅಂಥ ದಿನ ಅಷ್ಟು ವಯಸ್ಸಾದವರಿಗೆ ಸುಳ್ಳು ಹೇಳಬೇಕಾಯಿತು. ಅಪ್ಪ ಕುರ್ಚಿ ಬಿಟ್ಟು ಏಳಲೇ ಇಲ್ಲ. ಬೀಗರ ಮುಖ ನೋಡಲು ಅವರಿಗೆ ಆಗುತ್ತಿರಲಿಲ್ಲ.

ಮ್ಯಾನೇಜರ್‌ನ ಹತ್ತಿರ ಹೋಗಿ ಫೋಟೋ ತೋರಿಸಿದೆ. "ಅದು ರೆಫರೆನ್ಸ್‌ಗೆ ಮೇಡಂ" ಅಂದ. ಯಾವುದರ ರೆಫರೆನ್ಸ್? "ಲೈಟಿಂಗ್ ಹಾಕಿದ್ರೆ ಹೀಗೆ ಕಾಣುತ್ತೆ ಅಂತ. ನೀವು ಡೆಕೋರೇಷನ್‌ನವರಿಗೆ ಹೇಳಬೇಕಿತ್ತು." ಹಾಗಾದರೆ ಯಾವತ್ತಾದರೂ ಇಲ್ಲಿ ಇಷ್ಟು ದೀಪ ಹಾಕಿದ್ದಿರಾ ಅಂದರೆ ಉತ್ತರವೇ ಇಲ್ಲ, ಫೋನ್ ಬಂತು ಅಂತ ಆಚೆ ಹೋದ.

ಮಾರನೇ ದಿನ ಚಿಕ್ಕಪ್ಪನ ಮಗ ಆ ಫೋಟೋವನ್ನು ದೊಡ್ಡದು ಮಾಡಿ ತೋರಿಸಿದ. ಅವನು ಎಡಿಟಿಂಗ್ ಕಲಿಯುತ್ತಿದ್ದಾನೆ. "ಅಕ್ಕ, ಕುರ್ಚಿಗಳ ನೆರಳು ನೋಡು." ನೆರಳು ಗಿಡ್ಡವಾಗಿ, ಕಪ್ಪಗೆ, ಕುರ್ಚಿಯ ಕಾಲಡಿಯೇ ಬಿದ್ದಿದೆ. ಅದು ನಡುಮಧ್ಯಾಹ್ನದ ಬಿಸಿಲಿನ ನೆರಳು. ಚಂದ್ರ ವೇದಿಕೆ ಹಿಂದೆ ಕೆಳಗಿದ್ದರೆ ನೆರಳು ಉದ್ದವಾಗಿ ನಮ್ಮ ಕಡೆ ಬರಬೇಕು ಅಲ್ವಾ? ಸಾಲು ಬಲ್ಬು ಉರಿಯುತ್ತಿವೆ, ಕೆಳಗಿನ ಹುಲ್ಲಿನ ಮೇಲೆ ಹಳದಿ ಬೆಳಕೇ ಇಲ್ಲ. ಅಷ್ಟು ದೀಪದ ಜೊತೆ ಅಷ್ಟೊಂದು ನಕ್ಷತ್ರ ಒಂದೇ ಫೋಟೋದಲ್ಲಿ ಬರುವುದಿಲ್ಲವಂತೆ. ನಕ್ಷತ್ರ ಕಾಣುವಷ್ಟು ಹೊತ್ತು ಕ್ಯಾಮೆರಾ ತೆರೆದಿಟ್ಟರೆ ದೀಪಗಳೆಲ್ಲ ಬೆಳ್ಳಗೆ ಹರಡಿಹೋಗುತ್ತವೆ. ಮೂಲೆಯ ಕಾರಂಜಿ ತೊಟ್ಟಿಯ ನೀರಿನಲ್ಲಿ ಬಿಳಿ ಮೋಡ ಹಾಗೇ ಉಳಿದಿದೆ.

ಆಮೇಲೆ ಅದೇ ಲಾನ್‌ನವರು ಹಾಕಿದ ಇನ್ನೊಂದು ಫೋಟೋ ತೆರೆದು ತೋರಿಸಿದ. ಅದು ಹಗಲಿನದು. ಎರಡರಲ್ಲೂ ಅದೇ ಮೂಲೆಯಲ್ಲಿ ಅದೇ ಮಾಲಿ ಬಗ್ಗಿ ಹುಲ್ಲಿಗೆ ನೀರು ಬಿಡುತ್ತಿದ್ದಾನೆ. ಪೈಪಿನ ಮಡಿಕೆ ಕೂಡ ಅದೇ. ನನಗೆ ಮೈಯೆಲ್ಲ ಬಿಸಿಯಾಯಿತು. ಒಂದು ತಿಂಗಳು ಆ ಫೋಟೋ ನನ್ನ ಫೋನಿನಲ್ಲಿತ್ತು. ಐವತ್ತು ಜನಕ್ಕೆ ಕಳಿಸಿದ್ದೆ. ಆ ಮಾಲಿಯನ್ನು ನಾನೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲ.

ಚಿಕ್ಕಪ್ಪನ ಮಗ ನಮ್ಮ ಮನೆ ಗೇಟಿನ ಹಗಲು ಫೋಟೋವನ್ನು ಫೋನಿನಲ್ಲೇ ಹತ್ತು ನಿಮಿಷದಲ್ಲಿ ರಾತ್ರಿ ಮಾಡಿ ತೋರಿಸಿದ. ಎಕ್ಸ್‌ಪೋಷರ್, ಅಂದರೆ ಫೋಟೋದ ಬೆಳಕು, ಇಳಿಸಿದ. ಟೆಂಪರೇಚರ್, ಅಂದರೆ ಬಣ್ಣದ ಛಾಯೆ, ನೀಲಿ ಕಡೆ ಎಳೆದ. ಆಕಾಶವನ್ನು ಮಾತ್ರ ಆರಿಸಿ ಇನ್ನೂ ಕಪ್ಪು ಮಾಡಿದ. ಕಿಟಕಿಗೆ ಹಳದಿ ಬ್ರಷ್ ಬಳಿದ. ಸಿನಿಮಾದವರು ತುಂಬಾ ಹಿಂದಿನಿಂದ ಹಗಲಲ್ಲಿ ಶೂಟ್ ಮಾಡಿ ಹೀಗೆ ರಾತ್ರಿ ಮಾಡುತ್ತಿದ್ದರಂತೆ, ಅದಕ್ಕೆ ಡೇ ಫಾರ್ ನೈಟ್ ಅಂತಲೇ ಹೆಸರಂತೆ. ಮಾಡಲಿ, ಅದು ಕಥೆ ಅಂತ ನಮಗೆ ಗೊತ್ತಿರುತ್ತೆ. ಇಲ್ಲಿ ನಮ್ಮಿಂದ 85 ಸಾವಿರ ತೆಗೆದುಕೊಂಡಿದ್ದಾರೆ.

ಲಾನ್‌ನ ಎರಡೂ ಫೋಟೋ ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿ 20 ಸಾವಿರ ವಾಪಸ್ ಕೇಳಿದೆ. ಅವನ ಉತ್ತರ: "ಸ್ವಲ್ಪ ಎಡಿಟ್ ಮಾಡಿದ್ದಾರೆ ಅಷ್ಟೇ ಮೇಡಂ." ಸ್ವಲ್ಪ! ಮಧ್ಯಾಹ್ನವನ್ನೇ ರಾತ್ರಿ ಮಾಡಿದ್ದು ಸ್ವಲ್ಪ! ಆಮೇಲೆ "ಎಲ್ಲರೂ ಹೀಗೇ ಹಾಕೋದು." ಆಮೇಲೆ "ಊಟ ಚೆನ್ನಾಗಿತ್ತಲ್ಲ?" ಊಟ ನಮ್ಮ ಅಡುಗೆಯವರದು, ಅವನದಲ್ಲ. ಈಗ ಎರಡು ನೀಲಿ ಟಿಕ್ ಬರುತ್ತೆ, ಉತ್ತರ ಬರಲ್ಲ.

ಸಂಜೆ ಫಂಕ್ಷನ್ ಆದರೆ ಸಂಜೆ ಏಳಕ್ಕೇ ಹೋಗಿ ನೋಡಿ. ಬಿಡಲ್ಲ ಅಂದರೆ ಸುಮ್ನೆ ಎದ್ದು ಬನ್ನಿ. ಫೋಟೋ ಬೇಡ, ಅಲ್ಲಿ ನಡೆದ ಯಾರದ್ದಾದರೂ ಫಂಕ್ಷನ್‌ನ ವಿಡಿಯೋ ಕೇಳಿ. ಎಷ್ಟು ಲೈಟ್, ಎಲ್ಲೆಲ್ಲಿ ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ. ನಾವು ಬರೆಸಿಕೊಳ್ಳಲಿಲ್ಲ. ಆದರೂ ಸುಳ್ಳು ಜಾಹೀರಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬರುತ್ತೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತಿದ್ದೇನೆ. ಅಪ್ಪ ಬೇಡ, ಬೀಗರಿಗೆ ಗೊತ್ತಾಗುತ್ತೆ ಅನ್ನುತ್ತಿದ್ದಾರೆ. ಗೊತ್ತಾಗಲಿ. ಆ ಅಜ್ಜಿಗೆ ಕರೆಂಟ್ ಹೋಗಿರಲಿಲ್ಲ ಅಂತ ನಾನೇ ಹೇಳುತ್ತೇನೆ.